ಕಸ್ಟರ್ಡ್ ಪೌಡರ್ ಇಲ್ಲದೆ ವೆನಿಲಾ ಸಾಸ್: ಒಡೆಯದ ಹಾಗೆ ಮಾಡುವುದು ಹೇಗೆ?

"ಹೋಟೆಲ್‌ನಲ್ಲಿ ಕೇಕ್ ಮೇಲೆ ಸುರಿದು ಕೊಡ್ತಾರಲ್ಲ, ಕೆನೆ ಬಣ್ಣ, ತೆಳ್ಳಗೆ, ಒಳಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಅದನ್ನ ಮನೇಲಿ ಮಾಡೋಕಾಗುತ್ತಾ?" ಈ ಪ್ರಶ್ನೆ ಬರುತ್ತಲೇ ಇದೆ. ಅದರ ಹಿಂದೆಯೇ ಎರಡನೆಯದು: "ಮಾಡಿದೆ, ಒಡೆದು ಹೋಯ್ತು. ಯಾಕೆ?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ. ಮೊಟ್ಟೆ ಹಾಕುವವರಿಗೂ ಹಾಕದವರಿಗೂ ದಾರಿ ಇದೆ.

ಮಾಡೋಕಾಗುತ್ತೆ. ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ವೆನಿಲಾ, ಇಷ್ಟೇ ಸಾಮಾನು. ಕಷ್ಟವೆಲ್ಲ ಹದದಲ್ಲಿದೆ. ಸಕ್ಕರೆ ಪಾಕ ಮಾಡಿ ಅಭ್ಯಾಸ ಇರುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಒಂದೆಳೆ ಪಾಕ ಎರಡೆಳೆ ಆಗಿಬಿಟ್ಟರೆ ಮೈಸೂರ್ ಪಾಕಿನ ಗತಿ ಏನು ಅಂತ ನಿಮಗೆ ಗೊತ್ತು. ಇಲ್ಲೂ ಹಾಗೆಯೇ. ಗಡಿಯಾರ ನೋಡಿ ಮಾಡುವ ಅಡುಗೆ ಇದಲ್ಲ, ಚಮಚದ ಬೆನ್ನು ನೋಡಿ ಮಾಡುವುದು.

ಇದಕ್ಕೂ ಕಸ್ಟರ್ಡಿಗೂ ಏನು ವ್ಯತ್ಯಾಸ?

ನಾವು ಕಸ್ಟರ್ಡ್ ಅಂದ ತಕ್ಷಣ ನೆನಪಿಸಿಕೊಳ್ಳುವುದು ಫ್ರೂಟ್ ಸಲಾಡಿಗೆ ಹಾಕುವ ಹಳದಿ ಗಟ್ಟಿ ಪದಾರ್ಥವನ್ನು. ಅದು ಕಸ್ಟರ್ಡ್ ಪೌಡರಿನದ್ದು. ಆ ಪೌಡರಿನಲ್ಲಿ ಮುಖ್ಯವಾಗಿ ಇರುವುದು ಕಾರ್ನ್‌ಫ್ಲೋರ್, ಜೊತೆಗೆ ಬಣ್ಣ ಮತ್ತು ಪರಿಮಳ. ಮೊಟ್ಟೆ ಇಲ್ಲ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದನ್ನು ಮಾಡಿದ್ದು, ತನ್ನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ ಎಂಬ ಕಾರಣಕ್ಕೆ. ಮೊಟ್ಟೆ ತಿನ್ನದ ನಮ್ಮ ಎಷ್ಟೋ ಮನೆಗಳಿಗೆ ಅದು ವರವಾಯಿತು ಅನ್ನಿ.

ವೆನಿಲಾ ಸಾಸ್ ಅದಕ್ಕಿಂತ ಹಳೆಯ ಬಗೆಯದು. ಫ್ರೆಂಚರು ಕ್ರೆಮ್ ಆಂಗ್ಲೇಸ್ ಅನ್ನುತ್ತಾರೆ, ಅಂದರೆ ಇಂಗ್ಲಿಷ್ ಕ್ರೀಮು. ಜರ್ಮನಿ, ಆಸ್ಟ್ರಿಯಾ ಕಡೆ ಸೇಬಿನ ಸ್ಟ್ರೂಡಲ್ ಜೊತೆ ಬಿಸಿಯಾಗಿ ಸುರಿದು ಕೊಡುತ್ತಾರೆ. ಇದು ಚಮಚದಿಂದ ಧಾರೆಯಾಗಿ ಸುರಿಯಬೇಕು. ಬಾಸುಂದಿಗಿಂತ ಸ್ವಲ್ಪ ತೆಳು, ಕಾಯಿಸಿದ ಹಾಲಿಗಿಂತ ದಪ್ಪ. ಇದೇ ಸಾಸನ್ನು ಮೆಷಿನ್‌ಗೆ ಹಾಕಿ ತಿರುಗಿಸಿದರೆ ವೆನಿಲಾ ಐಸ್‌ಕ್ರೀಮ್.

ಏನೇನು ಬೇಕು?

ಆರು ಜನಕ್ಕೆ ಸಾಕಾಗುವಷ್ಟು ಅಳತೆ ಇದು:

ಹಾಲು 400 ಮಿ.ಲೀ.
ಫ್ರೆಶ್ ಕ್ರೀಮ್ 100 ಮಿ.ಲೀ.
ಮೊಟ್ಟೆಯ ಹಳದಿ 5
ಸಕ್ಕರೆ 80 ಗ್ರಾಂ (ಸುಮಾರು ಆರೂವರೆ ದೊಡ್ಡ ಚಮಚ, ಚಮಚ ಅಂದರೆ 15 ಮಿ.ಲೀ.ನದ್ದು)
ವೆನಿಲಾ ಕೋಡು 1, ಇಲ್ಲದಿದ್ದರೆ ಎಕ್ಸ್‌ಟ್ರಾಕ್ಟ್ ಒಂದೂವರೆ ಟೀ ಚಮಚ
ಉಪ್ಪು ಒಂದು ಚಿಟಿಕೆ

ಉಪ್ಪು ಯಾಕೆ ಅಂತ ಕೇಳಬೇಡಿ, ಹಾಕಿ ನೋಡಿ. ಪಾಯಸಕ್ಕೆ ಚಿಟಿಕೆ ಉಪ್ಪು ಹಾಕುವ ಅಜ್ಜಿಯರಿಗೆ ಇದು ಗೊತ್ತಿತ್ತು.

ಹಾಲಿನ ಬಗ್ಗೆ: ಪ್ಯಾಕೆಟ್ ಮೇಲೆ ಟೋನ್ಡ್ ಅಂತ ಇದ್ದರೆ ಅದರಲ್ಲಿ ಕೊಬ್ಬು 3%, ಸ್ಟ್ಯಾಂಡರ್ಡೈಸ್ಡ್ ಅಂದರೆ 4.5%, ಫುಲ್ ಕ್ರೀಮ್ ಅಂದರೆ 6%. ಟೋನ್ಡ್ ಹಾಲಿಗೆ ಕ್ರೀಮ್ ಸೇರಿಸಲೇಬೇಕು, ಇಲ್ಲದಿದ್ದರೆ ಸಾಸ್ ನೀರು ನೀರಾಗಿ ನಾಲಿಗೆಗೆ ಹತ್ತುವುದಿಲ್ಲ. ಫುಲ್ ಕ್ರೀಮ್ ಹಾಲಾದರೆ ಕ್ರೀಮ್ ಬೇಡ, 500 ಮಿ.ಲೀ. ಹಾಲೇ ಸಾಕು. ಮನೆಯ ಹಸುವಿನ ಹಾಲಾದರೆ ಮೊದಲು ಚೆನ್ನಾಗಿ ಉಕ್ಕಿಸಿ, ಆರಿಸಿ, ಕೆನೆ ತೆಗೆದು ಬಳಸಿ. ಮನೆಯ ಹಾಲಿನ ಕೆನೆಯನ್ನು ಕ್ರೀಮ್ ಬದಲಿಗೆ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಬಹುದು, ಆದರೆ ಅದೇ ದಿನದ ಕೆನೆ ಇರಲಿ. ನಾಲ್ಕು ದಿನ ಕೂಡಿಟ್ಟ ಕೆನೆಗೆ ಹುಳಿ ಬಂದಿರುತ್ತದೆ, ಹಾಲು ಅಲ್ಲೇ ಒಡೆಯುತ್ತದೆ.

ಪಾತ್ರೆಗಳು: ದಪ್ಪ ತಳದ ಪಾತ್ರೆ ಒಂದು, ತೆಳು ಅಲ್ಯೂಮಿನಿಯಂದು ಬೇಡ. ಮೊಟ್ಟೆ ಕಲಸಲು ವಿಸ್ಕ್ ಅಥವಾ ಸುಮ್ನೆ ಒಂದು ಫೋರ್ಕ್. ಕೈಯಾಡಿಸಲು ಸಿಲಿಕಾನ್ ಸ್ಪಾಟುಲಾ ಅಥವಾ ಚಪ್ಪಟೆ ಮರದ ಸೌಟು. ನುಣ್ಣನೆಯ ಜಾಲರಿ, ಟೀ ಸೋಸುವುದಾದರೂ ಆದೀತು, ಆದರೆ ಟೀ ವಾಸನೆ ಇರದ ಹೊಸದು. ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆಯಿಲ್ಲ.

ವೆನಿಲಾ ಯಾವುದು ಕೊಳ್ಳಬೇಕು?

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಡೀ ಸಾಸಿನ ರುಚಿ ನಿಂತಿರುವುದೇ ಇದರ ಮೇಲೆ.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತದೆ. ಮೊದಲನೆಯದು ಎಸೆನ್ಸ್. ಚಿಕ್ಕ ಬಾಟಲಿ, ಕಡಿಮೆ ಬೆಲೆ, ಮನೆ ಮನೆಯಲ್ಲೂ ಇರುತ್ತದೆ. ಇದು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ಮಾಡಿದ ವೆನಿಲಿನ್, ಅಂದರೆ ವೆನಿಲಾದ ಮುಖ್ಯ ಪರಿಮಳದ ಒಂದೇ ಒಂದು ಅಂಶ. ಲೇಬಲ್‌ನಲ್ಲಿ ಕೃತಕ ಪರಿಮಳ ಅಂತ ಬರೆದಿರುತ್ತದೆ, ಓದಿ ನೋಡಿ. ಕೇಕಿಗೆ ನಡೆಯುತ್ತದೆ. ಈ ಸಾಸಿನಲ್ಲಿ ಮುಚ್ಚಿಕೊಳ್ಳಲು ಬೇರೆ ರುಚಿಯೇ ಇಲ್ಲ, ಹಾಗಾಗಿ ಒಂದು ಹನಿ ಹೆಚ್ಚಾದರೂ ಕಹಿ ಬರುತ್ತದೆ. ಎಸೆನ್ಸೇ ಗತಿ ಅಂದರೆ ಅರ್ಧ ಟೀ ಚಮಚ ದಾಟಬೇಡಿ.

ಎರಡನೆಯದು ಎಕ್ಸ್‌ಟ್ರಾಕ್ಟ್. ನಿಜವಾದ ವೆನಿಲಾ ಕೋಡುಗಳನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಸಾರ. ಮನೆಯಲ್ಲಿ ಆಲ್ಕೋಹಾಲ್ ಬೇಡ ಅನ್ನುವವರು ಇದ್ದರೆ ಇದನ್ನು ಮೊದಲೇ ಹೇಳಿಬಿಡಿ.

ಮೂರನೆಯದು ಕೋಡು. ರೈತರು ಬೀನ್ಸ್ ಅನ್ನುತ್ತಾರೆ. ಹೋಟೆಲಿನ ಸಾಸಿನಲ್ಲಿ ಕಾಣುವ ಕಪ್ಪು ಚುಕ್ಕೆ ಇದರೊಳಗಿನ ಬೀಜ. ದುಬಾರಿ, ಹೌದು. ಯಾಕೆ ದುಬಾರಿ ಅಂತ ಮಲೆನಾಡಿನವರನ್ನು ಕೇಳಬೇಕು. ವೆನಿಲಾ ಆರ್ಕಿಡ್ ಜಾತಿಯ ಬಳ್ಳಿ, ಮೂಲ ಮೆಕ್ಸಿಕೊ ಕಡೆಯದು. ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಆ ಕೆಲವೇ ಗಂಟೆಯೊಳಗೆ ಒಂದೊಂದು ಹೂವಿಗೂ ಕೈಯಿಂದ, ಒಂದು ಸಣ್ಣ ಕಡ್ಡಿಯಿಂದ, ಪರಾಗಸ್ಪರ್ಶ ಮಾಡಬೇಕು. ಈ ಕೈಚಳಕವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ಗುಲಾಮನಾಗಿದ್ದ 12 ವರ್ಷದ ಹುಡುಗ. ಇವತ್ತಿಗೂ ತೋಟಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಅವನ ವಿಧಾನವೇ. ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು. ಹಸಿ ಕಾಯಿಗೆ ಪರಿಮಳವೇ ಇಲ್ಲ. ಅದನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ, ಆಮೇಲೆ ನೆರಳಲ್ಲಿ ಒಣಗಿಸಿ, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಪರಿಮಳ ಬರುತ್ತದೆ. ಐದಾರು ಕಿಲೋ ಹಸಿ ಕಾಯಿ ಸಂಸ್ಕರಿಸಿದರೆ ಒಂದು ಕಿಲೋ.

ನಮ್ಮ ಮಲೆನಾಡು, ಕರಾವಳಿ, ಕೊಡಗಿನಲ್ಲಿ ಇದರ ಹುಚ್ಚು ಹತ್ತಿದ್ದು 2000ದ ನಂತರ. ಮಡಗಾಸ್ಕರಿನಲ್ಲಿ ಚಂಡಮಾರುತ ಬಂದು ಬೆಳೆ ಹಾಳಾಗಿ, ಜಗತ್ತಿನ ಬೆಲೆ ಆಕಾಶಕ್ಕೇರಿತು. ಅಡಿಕೆ ತೋಟದಲ್ಲೆಲ್ಲ ವೆನಿಲಾ ಹಬ್ಬಿತು, ರಾತ್ರಿ ಕಾಯಿ ಕಾಯುವ ಕಾಲ ಬಂತು. 2004ರ ಹೊತ್ತಿಗೆ ಬೆಲೆ ಬಿತ್ತು, ಬಳ್ಳಿ ಕಿತ್ತವರೇ ಜಾಸ್ತಿ. ಆದರೂ ಉಳಿಸಿಕೊಂಡವರು ಇದ್ದಾರೆ. ನಿಮ್ಮ ನೆಂಟರಲ್ಲಿ ಯಾರಾದರೂ ಇದ್ದರೆ ಅವರ ಹತ್ತಿರವೇ ಕೇಳಿ.

ಒಳ್ಳೆಯ ಕೋಡು ಕಪ್ಪು ಕಂದು ಬಣ್ಣ, ಎಣ್ಣೆ ಸವರಿದ ಹಾಗೆ ಹೊಳಪು. ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳುತ್ತದೆ. ಮೇಲೆ ಬೆಳ್ಳಗೆ ಏನಾದರೂ ಕಂಡರೆ ತಕ್ಷಣ ಎಸೆಯಬೇಡಿ. ಬೆಳಕಿಗೆ ಹಿಡಿದು ನೋಡಿ. ಸೂಜಿಯ ಹಾಗೆ ಮಿನುಗಿದರೆ ಅದು ವೆನಿಲಿನ್ ಹರಳು, ಒಳ್ಳೆಯ ಲಕ್ಷಣ. ಮಿನುಗದೆ ಹತ್ತಿಯ ಹಾಗೆ ಇದ್ದು ಮುಗ್ಗು ವಾಸನೆ ಬಂದರೆ ಬೂಸು, ಎಸೆಯಿರಿ. ಒಣಗಿ ಕಡ್ಡಿಯಾದ ಕೋಡನ್ನು ಬಿಸಿ ಹಾಲಿನಲ್ಲಿ ಅರ್ಧ ಗಂಟೆ ನೆನೆಸಿ, ಮೆತ್ತಗಾದ ಮೇಲೆ ಸೀಳಿ.

ಈಗ ಮಾಡೋಣ

1. ಮೊದಲು ಕೊನೆಯ ಕೆಲಸದ ತಯಾರಿ ಮಾಡಿ. ಅಗಲವಾದ ಬೇಸಿನ್‌ನಲ್ಲಿ ಐಸ್ ಮತ್ತು ತಣ್ಣೀರು ಹಾಕಿ, ಅದರೊಳಗೆ ಒಂದು ಸ್ಟೀಲ್ ಪಾತ್ರೆ ಇಡಿ, ಮೇಲೆ ಜಾಲರಿ. ಒಲೆ ಹಚ್ಚುವ ಮೊದಲೇ ಇದು ಪಕ್ಕದಲ್ಲಿ ಸಿದ್ಧ ಇರಬೇಕು. ಸಾಸ್ ಹದಕ್ಕೆ ಬಂದ ಮೇಲೆ ಜಾಲರಿ ಹುಡುಕಲು ಹೋದರೆ, ಹುಡುಕಿ ಬರುವಷ್ಟರಲ್ಲಿ ಪಾತ್ರೆಯ ಬಿಸಿಗೇ ಒಡೆದಿರುತ್ತದೆ. ನನಗೆ ಮೊದಲ ಸಲ ಆದದ್ದು ಇದೇ.

2. ಹಾಲಿಗೆ ವೆನಿಲಾ ಹಿಡಿಸಿ. ಕೋಡನ್ನು ಹಲಗೆ ಮೇಲೆ ಚಪ್ಪಟೆ ಮಾಡಿ, ಚಾಕುವಿನ ತುದಿಯಿಂದ ಉದ್ದಕ್ಕೆ ಸೀಳಿ. ಚಾಕುವಿನ ಬೆನ್ನಿನಿಂದ, ಅಂದರೆ ಮೊಂಡು ಬದಿಯಿಂದ, ಒಳಗಿನ ಕಪ್ಪು ಬೀಜ ಕೆರೆಯಿರಿ. ಹರಿತ ಬದಿಯಿಂದ ಕೆರೆದರೆ ನಾರೂ ಬರುತ್ತದೆ. ಬೀಜ, ಸಿಪ್ಪೆ ಎರಡನ್ನೂ ಹಾಲು ಮತ್ತು ಕ್ರೀಮಿಗೆ ಹಾಕಿ. ಅರ್ಧ ಸಕ್ಕರೆಯನ್ನೂ ಉಪ್ಪನ್ನೂ ಈಗಲೇ ಹಾಕಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬರುವವರೆಗೆ ಬಿಸಿ ಮಾಡಿ, ಒಲೆ ಆರಿಸಿ, ಮುಚ್ಚಳ ಮುಚ್ಚಿ 20ರಿಂದ 30 ನಿಮಿಷ ಬಿಡಿ. ಆತುರ ಮಾಡಬೇಡಿ. ಪರಿಮಳ ಇಳಿಯಲು ಸಮಯ ಬೇಕು.

ಎಕ್ಸ್‌ಟ್ರಾಕ್ಟ್ ಅಥವಾ ಎಸೆನ್ಸ್ ಆದರೆ ಈ ಹಂತದಲ್ಲಿ ಹಾಕಲೇಬೇಡಿ, ಬಿಸಿಗೆ ಪರಿಮಳ ಹಾರಿಹೋಗುತ್ತದೆ. ಅದು ಕೊನೆಗೆ.

3. ಮೊಟ್ಟೆ ಒಡೆದು ಹಳದಿ ಬೇರೆ ಮಾಡಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತಣ್ಣನೆ ಮೊಟ್ಟೆಯಲ್ಲಿ ಹಳದಿ ಸುಲಭವಾಗಿ ಬೇರೆಯಾಗುತ್ತದೆ. ನನಗೆ ಅನುಕೂಲ ಕೈಯೇ: ಮೊಟ್ಟೆಯನ್ನು ಅಂಗೈಗೆ ಸುರಿದುಕೊಂಡು, ಬೆರಳ ಸಂದಿಯಿಂದ ಬಿಳಿ ಇಳಿಯಲು ಬಿಡುತ್ತೇನೆ. ಪ್ರತಿ ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆಯಿರಿ. ಒಂದು ಕೆಟ್ಟಿದ್ದರೆ ಉಳಿದ ನಾಲ್ಕು ಹಾಳಾಗಬಾರದಲ್ಲ.

"ಮೊಟ್ಟೆ ವಾಸನೆ ಬರುತ್ತೆ" ಅನ್ನುವವರಿಗೆ ಒಂದು ಮಾತು. ಆ ವಾಸನೆ ಹೆಚ್ಚಾಗಿ ಬರುವುದು ಬಿಳಿಯಿಂದ, ಅದೂ ಜಾಸ್ತಿ ಬಿಸಿಯಾದಾಗ. ಹಳದಿಗೆ ಅಂಟಿರುವ ಬಿಳಿ ದಾರದಂಥದ್ದನ್ನೂ ತೆಗೆಯಿರಿ. ಬಿಳಿ ಸ್ವಲ್ಪವೂ ಸೇರದಿದ್ದರೆ, ಸಾಸ್ ಕುದಿಯದಿದ್ದರೆ, ವಾಸನೆಯ ದೂರು ಮುಕ್ಕಾಲು ಭಾಗ ಹೋಗುತ್ತದೆ.

4. ಹಳದಿಗೆ ಉಳಿದ ಸಕ್ಕರೆ ಹಾಕಿ, ಹಾಕಿದ ಕೂಡಲೇ ಕಲಸಿ. ಸಕ್ಕರೆ ಸುರಿದು ಫೋನ್ ನೋಡುತ್ತಾ ನಿಂತರೆ ಸಕ್ಕರೆ ಹಳದಿಯ ನೀರನ್ನು ಎಳೆದುಕೊಂಡು ಅಲ್ಲಲ್ಲಿ ಗಟ್ಟಿ ಕಾಳು ಕಟ್ಟುತ್ತದೆ. ಆಮೇಲೆ ಎಷ್ಟು ಕಲಸಿದರೂ ಅದು ಕರಗುವುದಿಲ್ಲ. ಎರಡು ನಿಮಿಷ ಕಲಸಿ, ಬಣ್ಣ ಸ್ವಲ್ಪ ತಿಳಿಯಾದರೆ ಸಾಕು. ಕಡೆಗೋಲಿನಲ್ಲಿ ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸಬೇಡಿ. ನೊರೆ ಇದ್ದರೆ ಮುಂದೆ ಹದ ಕಣ್ಣಿಗೆ ಕಾಣುವುದಿಲ್ಲ.

5. ಹಳದಿಯನ್ನು ಬಿಸಿಗೆ ಒಗ್ಗಿಸಿ. ಇಂಗ್ಲಿಷ್ ಪಾಕ ಪುಸ್ತಕಗಳಲ್ಲಿ ಇದಕ್ಕೆ ಟೆಂಪರಿಂಗ್ ಅಂತ ಬರೆದಿರುತ್ತಾರೆ. ನಮ್ಮ ಕಡೆ ಒಗ್ಗರಣೆಗೂ ಟೆಂಪರಿಂಗ್ ಅಂತಲೇ ಬರೆಯುತ್ತಾರೆ. ಸಾಸಿವೆ ಸಿಡಿಸಬೇಕಾ ಅಂತ ಒಬ್ಬರು ನಿಜವಾಗಿಯೂ ಕೇಳಿದ್ದರು. ಬೇಡ! ಇಲ್ಲಿ ಅರ್ಥ ಬೇರೆ. ಹಾಲನ್ನು ಮತ್ತೆ ಬಿಸಿ ಮಾಡಿ, ಹಬೆ ಬಂದರೆ ಸಾಕು. ಕೋಡಿನ ಸಿಪ್ಪೆ ತೆಗೆದಿಡಿ, ಎಸೆಯಬೇಡಿ. ಒಂದು ಕೈಯಲ್ಲಿ ಹಳದಿ ಕಲಸುತ್ತಾ ಇನ್ನೊಂದು ಕೈಯಿಂದ ಬಿಸಿ ಹಾಲನ್ನು ಸೌಟಿನಲ್ಲಿ ಸಣ್ಣ ಧಾರೆಯಾಗಿ ಬಿಡಿ. ಮೊದಲ ಎರಡು ಸೌಟು ತುಂಬಾ ನಿಧಾನ, ಆಮೇಲೆ ಉಳಿದದ್ದು ಬೇಗ. ಬಟ್ಟಲು ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಇಡಿ.

ಹಾಲು ಹೋಗಬೇಕಾದ್ದು ಹಳದಿಗೆ. ಹಳದಿಯನ್ನು ಬಿಸಿ ಹಾಲಿನ ಪಾತ್ರೆಗೆ ಸುರಿದರೆ ಸಿಹಿ ಎಗ್ ಬುರ್ಜಿ ಆಗುತ್ತದೆ.

6. ಎಲ್ಲವನ್ನೂ ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿ ಇಡಿ. ಇನ್ನು ಎಂಟು ಹತ್ತು ನಿಮಿಷ ಅಲ್ಲಿಂದ ಕದಲುವ ಹಾಗಿಲ್ಲ. ಬಾಗಿಲು ಬಡಿದರೂ ಬೇರೆಯವರು ತೆಗೆಯಲಿ. ಸ್ಪಾಟುಲಾವನ್ನು ತಳಕ್ಕೆ ತಾಗಿಸಿ ಇಂಗ್ಲಿಷಿನ 8ರ ಆಕಾರದಲ್ಲಿ ಎಳೆಯುತ್ತಾ ಇರಿ, ಮೂಲೆ ಬಿಡಬೇಡಿ. ತಳದಲ್ಲೇ ಮೊದಲು ಬೇಯುವುದು.

ಏನಾಗುತ್ತಿದೆ ಅಂದರೆ: ಬರೀ ಹಳದಿ ಸುಮಾರು 70 ಡಿಗ್ರಿಗೆ ಗಟ್ಟಿಯಾಗುತ್ತದೆ. ಹಾಲು, ಸಕ್ಕರೆ ಸೇರಿದಾಗ ಅದು ತಡವಾಗುತ್ತದೆ. 80 ಡಿಗ್ರಿ ಹತ್ತಿರ ದಪ್ಪವಾಗತೊಡಗುತ್ತದೆ, 85 ದಾಟಿದರೆ ಕಾಳು ಕಾಳಾಗಿ ಒಡೆಯತೊಡಗುತ್ತದೆ. ನಿಮಗೆ ಬೇಕಾದ್ದು 82, 83. ಅಂದರೆ ನಿಮ್ಮ ಕೈಯಲ್ಲಿ ಇರುವುದು ನಾಲ್ಕೈದು ಡಿಗ್ರಿಯ ಜಾಗ ಮಾತ್ರ. ಕುದಿ ಬಂತು ಅಂದರೆ ಕಥೆ ಮುಗಿಯಿತು.

ಥರ್ಮಾಮೀಟರ್ ಇಲ್ಲದವರು ಈ ಗುರುತು ನೋಡಿ. ಮೊದಲು ಮೇಲಿನ ಸಣ್ಣ ನೊರೆ ಕರಗುತ್ತದೆ. ಆಮೇಲೆ ಹಬೆ ಜಾಸ್ತಿಯಾಗುತ್ತದೆ. ಸ್ಪಾಟುಲಾ ಎಳೆಯುವಾಗ ಕೈಗೆ ಸ್ವಲ್ಪ ಭಾರ ಅನಿಸುತ್ತದೆ, ನೀರಿನಲ್ಲಿ ಎಳೆದಂತೆ ಇದ್ದದ್ದು ಎಣ್ಣೆಯಲ್ಲಿ ಎಳೆದಂತೆ ಆಗುತ್ತದೆ. ಆಗ ಪಾತ್ರೆಯನ್ನು ಒಲೆಯಿಂದ ಎತ್ತಿ. ಮರದ ಸೌಟನ್ನು ಅದ್ದಿ ತೆಗೆದು ಬೆನ್ನು ಮೇಲೆ ಮಾಡಿ ಹಿಡಿಯಿರಿ. ತೋರುಬೆರಳಿನಿಂದ ಅಡ್ಡಲಾಗಿ ಒಂದು ಗೆರೆ ಎಳೆದು ಸೌಟನ್ನು ಓರೆ ಮಾಡಿ. ಮೇಲಿನ ಸಾಸ್ ಇಳಿದು ಬಂದು ಗೆರೆಯನ್ನು ಅಳಿಸಿದರೆ ಇನ್ನೂ ಆಗಿಲ್ಲ, ಮತ್ತೆ ಒಲೆಗೆ. ಗೆರೆಯ ಅಂಚು ಮೊದಲು ನಡುಗಿ, ಒಂದು ಹನಿ ಇಳಿದು ನಿಂತರೆ ಅರ್ಧ ನಿಮಿಷ ಬಾಕಿ. ಗೆರೆ ಗೀರಿದ ಹಾಗೇ ನಿಂತು ಎರಡು ಬದಿಯೂ ಕದಲದಿದ್ದರೆ ಹದ ಬಂತು. ಫ್ರೆಂಚ್ ಅಡುಗೆಯವರು ಇದನ್ನು ನಾಪ್ ಅನ್ನುತ್ತಾರೆ, ಹೊದಿಸುವುದು ಅಂತ ಅರ್ಥ. ಹೆಸರು ಮರೆತರೂ ಪರವಾಗಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು: "ಇನ್ನೂ ತೆಳ್ಳಗಿದೆಯಲ್ಲ" ಅಂತ ಮತ್ತೆರಡು ನಿಮಿಷ ಇಡುವುದು. ಬಿಸಿಯಲ್ಲಿ ತೆಳ್ಳಗೇ ಇರಬೇಕು. ತಣ್ಣಗಾದ ಮೇಲೆ ಇದೇ ಸಾಸ್ ಇನ್ನಷ್ಟು ದಪ್ಪವಾಗುತ್ತದೆ. ಕಸ್ಟರ್ಡ್ ಪೌಡರಿನ ಕಣ್ಣಿಂದ ಇದನ್ನು ನೋಡಬೇಡಿ.

ಗ್ಯಾಸ್ ಸಿಮ್‌ಗೆ ಇಟ್ಟರೂ ಜೋರಾಗಿ ಉರಿಯುವ ಒಲೆಯಾದರೆ, ಮೊದಲ ಸಲ ಮಾಡುವವರಾದರೆ, ನೀರಿನ ಮೇಲೆ ಬೇಯಿಸಿ. ಕೆಳಗೆ ಒಂದು ಪಾತ್ರೆಯಲ್ಲಿ ಎರಡು ಇಂಚು ನೀರು ಸಣ್ಣಗೆ ಕುದಿಯುತ್ತಿರಲಿ, ಮೇಲೆ ಸಾಸಿನ ಪಾತ್ರೆ, ಅದರ ತಳ ನೀರಿಗೆ ತಾಗಬಾರದು. ಹದಿನೈದು ನಿಮಿಷ ಹಿಡಿಯುತ್ತದೆ, ಆದರೆ ಒಡೆಯುವ ಭಯ ಕಡಿಮೆ.

7. ಕೂಡಲೇ ಸೋಸಿ. ಐಸಿನಲ್ಲಿ ಕೂತ ಪಾತ್ರೆಗೆ ಜಾಲರಿ ಮೂಲಕ ಸುರಿಯಿರಿ. ತಳದಲ್ಲಿ ಹಿಡಿದದ್ದನ್ನು ಕೆರೆದು ಹಾಕಬೇಡಿ. ಎಕ್ಸ್‌ಟ್ರಾಕ್ಟ್ ಹಾಕುವವರು ಈಗ ಹಾಕಿ. ಐದು ನಿಮಿಷ ಕೈಯಾಡಿಸುತ್ತಾ ತಣಿಸಿ, ಇಲ್ಲದಿದ್ದರೆ ಮೇಲೆ ಕೆನೆ ಕಟ್ಟುತ್ತದೆ, ವೆನಿಲಾ ಬೀಜವೆಲ್ಲ ತಳ ಸೇರುತ್ತದೆ. ಬಿಸಿಯಾಗಿಯೇ ಬೇಕಿದ್ದರೆ ಸೋಸಿ ನೇರವಾಗಿ ಬಡಿಸಿ.

ಒಡೆದು ಹೋದರೆ?

ಸಣ್ಣ ರವೆಯಂಥ ಕಾಳು ಕಂಡ ಕೂಡಲೇ ಒಲೆಯಿಂದ ಇಳಿಸಿ, ತಣ್ಣನೆ ಪಾತ್ರೆಗೆ ಸುರಿದು ಎರಡು ಮೂರು ಚಮಚ ತಣ್ಣನೆ ಹಾಲು ಹಾಕಿ ಜೋರಾಗಿ ಕಲಸಿ. ಹ್ಯಾಂಡ್ ಬ್ಲೆಂಡರ್ ಇದ್ದರೆ ಅರ್ಧ ನಿಮಿಷ ಓಡಿಸಿ, ಸೋಸಿ. ಬಹಳಷ್ಟು ಸಲ ಸರಿಯಾಗುತ್ತದೆ, ತಿನ್ನುವವರಿಗೆ ಗೊತ್ತಾಗುವುದಿಲ್ಲ. ಮಿಕ್ಸಿಗೆ ಹಾಕುವುದಾದರೆ ಪೂರ್ತಿ ಉಗುರುಬೆಚ್ಚಗಾದ ಮೇಲೆ ಹಾಕಿ. ಬಿಸಿ ಇರುವಾಗ ಮುಚ್ಚಳ ಬಿಗಿದು ತಿರುಗಿಸಿದರೆ ಹಬೆಗೆ ಮುಚ್ಚಳ ಹಾರಿ ಮುಖಕ್ಕೆ ಸಿಡಿಯುತ್ತದೆ.

ಪನೀರ್ ಒಡೆದ ಹಾಗೆ ಮುದ್ದೆ ಬೇರೆ, ನೀರು ಬೇರೆ ಆಗಿದ್ದರೆ ಕೈಬಿಡಿ. ಅರೆದರೂ ಮೊಟ್ಟೆ ವಾಸನೆ ಹೋಗದು.

ಮೊಟ್ಟೆ ಇಲ್ಲದೆ

ಇದಕ್ಕೆ ಫುಲ್ ಕ್ರೀಮ್ ಹಾಲು 500 ಮಿ.ಲೀ., ಕಾರ್ನ್‌ಫ್ಲೋರ್ ಒಂದೂವರೆ ದೊಡ್ಡ ಚಮಚ, ಸಕ್ಕರೆ 65 ಗ್ರಾಂ, ಉಪ್ಪಿಲ್ಲದ ಬೆಣ್ಣೆ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು, ವೆನಿಲಾ ಮೇಲಿನಷ್ಟೇ. ಕಾರ್ನ್‌ಫ್ಲೋರ್ ಅಂದರೆ ಬೆಳ್ಳಗೆ ಕಿರುಗುಟ್ಟುವ ಪಿಷ್ಟದ ಪುಡಿ. ರೊಟ್ಟಿ ಮಾಡುವ ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ಅದನ್ನು ಹಾಕಿ "ಅಂಬಲಿ ಆಯ್ತು" ಅಂದವರಿದ್ದಾರೆ.

1. 100 ಮಿ.ಲೀ. ತಣ್ಣನೆ ಹಾಲು ತೆಗೆದಿಡಿ. ಉಳಿದ ಹಾಲಿಗೆ ಸಕ್ಕರೆ, ಉಪ್ಪು, ಸೀಳಿದ ಕೋಡು ಹಾಕಿ ಬಿಸಿ ಮಾಡಿ, ಮುಚ್ಚಿ ಅರ್ಧ ಗಂಟೆ ಬಿಡಿ.

2. ತಣ್ಣನೆ ಹಾಲಿನಲ್ಲಿ ಕಾರ್ನ್‌ಫ್ಲೋರ್ ಗಂಟಿಲ್ಲದ ಹಾಗೆ ಕದಡಿ. ಬಿಸಿ ಹಾಲಿನಲ್ಲಿ ಕದಡಿದರೆ ಗಂಟು ಗ್ಯಾರಂಟಿ. ಸುರಿಯುವ ಮೊದಲು ಇನ್ನೊಮ್ಮೆ ಕದಡಿ, ಹಿಟ್ಟು ತಳಕ್ಕೆ ಕೂತಿರುತ್ತದೆ.

3. ಹಾಲನ್ನು ಮತ್ತೆ ಕಾಯಿಸಿ, ಕೈಯಾಡಿಸುತ್ತಾ ಇದನ್ನು ಸುರಿದು ಕುದಿ ಬರಿಸಿ. ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ. ಮೊಟ್ಟೆಯದಕ್ಕೆ ಪೂರ್ತಿ ಉಲ್ಟಾ ನೋಡಿ: ಅಲ್ಲಿ ಕುದಿದರೆ ಕೆಟ್ಟಿತು, ಇಲ್ಲಿ ಕುದಿಯದಿದ್ದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ.

4. ಇಳಿಸಿ, ಕೋಡಿನ ಸಿಪ್ಪೆ ತೆಗೆದು, ಬೆಣ್ಣೆ ಹಾಕಿ ಕಲಸಿ, ಸೋಸಿ. ಎಕ್ಸ್‌ಟ್ರಾಕ್ಟ್ ಈಗ. ತಣಿಯುವಾಗ ಕೆನೆ ಕಟ್ಟದಂತೆ ಬೆಣ್ಣೆ ಕಾಗದವನ್ನು ನೇರ ಸಾಸಿನ ಮೇಲೇ ತಾಗಿಸಿ ಮುಚ್ಚಿ.

ಬಣ್ಣ ಬೆಳ್ಳಗೆ ಇರುತ್ತದೆ. ಅದು ಸರಿ. ಕೇಸರಿ ಹಾಕಲಾ ಅಂತ ಕೇಳಿದರೆ ನನ್ನ ಉತ್ತರ ಬೇಡ. ಕೇಸರಿ ಬಂದರೆ ವೆನಿಲಾ ಹಿಂದೆ ಸರಿಯುತ್ತದೆ, ಬಾಸುಂದಿಯೇ ತಿಂದ ಹಾಗಾಗುತ್ತದೆ.

ಎರಡೂ ಸೇರಿಸಿ ಮಾಡುವವರೂ ಇದ್ದಾರೆ: ಎರಡು ಹಳದಿ, ಜೊತೆಗೆ ಒಂದು ಚಮಚ ಕಾರ್ನ್‌ಫ್ಲೋರ್. ಆಗ ಹಿಟ್ಟು ಹಳದಿಯನ್ನು ಕಾಯುತ್ತದೆ, ಕುದಿಸಬಹುದು. ಬರೀ 'ಬಹುದು' ಅಲ್ಲ, ಕುದಿಸಲೇಬೇಕು. ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಒಂದು ಕಿಣ್ವ ಇದೆ, ನಮ್ಮ ಎಂಜಲಿನಲ್ಲಿ ಇರುವಂಥದ್ದೇ. ಕುದಿಸದಿದ್ದರೆ ಅದು ಸಾಯುವುದಿಲ್ಲ. ರಾತ್ರಿ ದಪ್ಪಗಿದ್ದ ಸಾಸ್ ಬೆಳಿಗ್ಗೆ ನೀರಾಗಿರುತ್ತದೆ. "ಫ್ರಿಜ್ಜಲ್ಲಿಟ್ಟ ಮೇಲೆ ತೆಳ್ಳಗಾಯ್ತು" ಅನ್ನುವ ದೂರಿಗೆ ಸಾಮಾನ್ಯವಾಗಿ ಕಾರಣ ಇದು.

ಯಾವುದರ ಜೊತೆ?

ಬಿಸಿ ಚಾಕೊಲೇಟ್ ಕೇಕ್, ಪ್ಲಮ್ ಕೇಕ್, ಬೇಯಿಸಿದ ಸೇಬು ಇವೆಲ್ಲ ಗೊತ್ತಿರುವವೇ. ನನಗೆ ಇಷ್ಟ ಮಾವಿನ ಕಾಲದಲ್ಲಿ ಬಾದಾಮಿ ಹೋಳಿನ ಮೇಲೆ ತಣ್ಣನೆ ಸಾಸ್, ಮತ್ತು ತುಪ್ಪದಲ್ಲಿ ಹುರಿದ ಬಾಳೆಹಣ್ಣಿನ ಮೇಲೆ ಬಿಸಿ ಸಾಸ್. ಜಾಮೂನಿಗೆ ಬೇಡ, ಸಿಹಿಯ ಮೇಲೆ ಸಿಹಿ.

ಅನಾನಸ್ ಹಸಿಯಾಗಿ ಹಾಕಬೇಡಿ. ಅದರಲ್ಲಿ ಪ್ರೊಟೀನ್ ಕರಗಿಸುವ ಅಂಶ ಇದೆ, ಹಾಲಿನ ಜೊತೆ ಸ್ವಲ್ಪ ಹೊತ್ತಿಗೇ ಕಹಿ ಬರುತ್ತದೆ. ಪಪ್ಪಾಯಿಯೂ ಹಾಗೇ. ಅನಾನಸನ್ನು ಸಕ್ಕರೆ ಹಾಕಿ ಬೇಯಿಸಿದರೆ ತೊಂದರೆಯಿಲ್ಲ. ಹುಳಿ ದ್ರಾಕ್ಷಿ, ಕಿತ್ತಳೆ ಇದ್ದರೆ ಬಡಿಸುವಾಗಲೇ ಸಾಸ್ ಸುರಿಯಿರಿ, ಮೊದಲೇ ಕಲಸಿಡಬೇಡಿ.

ಉಳಿದ ಐದು ಬಿಳಿ ಏನು ಮಾಡುವುದು? ಫ್ರೆಂಚರು ಅದಕ್ಕೂ ದಾರಿ ಕಂಡಿದ್ದಾರೆ. ಬಿಳಿಯನ್ನು ಸಕ್ಕರೆಯೊಂದಿಗೆ ನೊರೆ ಬರುವ ಹಾಗೆ ಕಡೆದು, ಮೆಲ್ಲನೆ ಬೇಯಿಸಿ, ಇದೇ ಸಾಸಿನ ಮೇಲೆ ತೇಲಿಬಿಡುತ್ತಾರೆ. ತೇಲುವ ದ್ವೀಪ ಅಂತ ಹೆಸರು. ಅಷ್ಟೆಲ್ಲ ಪುರುಸೊತ್ತು ಇಲ್ಲದಿದ್ದರೆ ಬೆಳಿಗ್ಗೆ ಆಮ್ಲೆಟ್ಟಿಗೆ ಸೇರಿಸಿ.

ಎಷ್ಟು ದಿನ ಇಡಬಹುದು?

ಮೊಟ್ಟೆಯದು ಮುಚ್ಚಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನ ಒಳಭಾಗದಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು. ಬಾಗಿಲಿನಲ್ಲಿ ಇಡಬೇಡಿ, ತೆಗೆದು ಹಾಕಿ ಮಾಡುವಾಗ ಅಲ್ಲಿ ತಂಪು ನಿಲ್ಲುವುದಿಲ್ಲ. ತಣಿಸಿದ ಕೂಡಲೇ ಒಳಗಿಡಿ. ಮಂಗಳೂರಿನ ಸೆಖೆಯಲ್ಲೋ, ಕಲಬುರಗಿಯ ಏಪ್ರಿಲ್‌ನಲ್ಲೋ ಇದನ್ನು ಹೊರಗೆ ಬಿಡುವ ಮಾತೇ ಇಲ್ಲ. ಕರೆಂಟ್ ನಾಲ್ಕೈದು ಗಂಟೆ ಹೋಗುವ ಊರಾದರೆ ಅವತ್ತಿಗೆ ಬೇಕಾದಷ್ಟೇ ಮಾಡಿ. ಎಂಜಲು ಚಮಚ ಅದ್ದಬೇಡಿ. 82 ಡಿಗ್ರಿ ಮುಟ್ಟಿದ ಸಾಸಿನಲ್ಲಿ ಹಸಿ ಮೊಟ್ಟೆಯ ಭಯ ಇಲ್ಲ. ಆದರೆ ಮನೆಯಲ್ಲಿ ಬಸುರಿಯರೋ ಪುಟ್ಟ ಮಕ್ಕಳೋ ಇದ್ದು, ಹದ ಸರಿಯಾಗಿ ಬಂತಾ ಅಂತ ನಿಮಗೇ ಅನುಮಾನ ಇದ್ದರೆ ಕಾರ್ನ್‌ಫ್ಲೋರಿನದ್ದೇ ಮಾಡಿ.

ಮತ್ತೆ ಬಿಸಿ ಮಾಡುವುದಾದರೆ ಬಾಟಲಿಯಿಂದ ಸ್ಟೀಲ್ ಬಟ್ಟಲಿಗೆ ಹಾಕಿ ಬಿಸಿನೀರಿನಲ್ಲಿ ಕೂರಿಸಿ. ಮೈಕ್ರೋವೇವ್ ಒಂದು ಮೂಲೆ ಕುದಿಸಿ ಒಡೆಸಿಬಿಡುತ್ತದೆ. ಫ್ರೀಜರ್‌ನಲ್ಲಿ ಹಾಗೇ ಇಟ್ಟರೆ ಕರಗಿದ ಮೇಲೆ ನೀರು ಬೇರೆಯಾಗುತ್ತದೆ.

ತೆಗೆದಿಟ್ಟ ಕೋಡಿನ ಸಿಪ್ಪೆ ಇದೆಯಲ್ಲ, ಅದನ್ನು ಹಾಲು ಹೋಗುವ ಹಾಗೆ ತೊಳೆದು, ಬಟ್ಟೆಯಲ್ಲಿ ಒತ್ತಿ, ಎರಡು ದಿನ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಬೇಕು, ಪಸೆ ಇದ್ದರೆ ಬೂಸು ಬರುತ್ತದೆ. ಆಮೇಲೆ ಅರ್ಧ ಕಿಲೋ ಸಕ್ಕರೆಯ ಡಬ್ಬದಲ್ಲಿ ಹೂತು ಮುಚ್ಚಿಡಿ. ಎರಡು ವಾರ ಬಿಟ್ಟು ಮುಚ್ಚಳ ತೆಗೆಯಿರಿ. ಮುಂದಿನ ಸಲದ ಸಾಸಿಗೆ ಆ ಸಕ್ಕರೆ ಹಾಕಿದರೆ ಅರ್ಧ ಕೋಡು ಸಾಕಾಗುತ್ತದೆ.